ಕದಿರಿಗೆ ತಾಗಿದ ತಲೆ

ಹೇಳಿದರೆ ನಂಬುವುದಿಲ್ಲ, ನಂಬಿದರೆ ನಗುವುದಿಲ್ಲ. ಆದರೂ ವಯನಾಡಿನ ನೂಲ್ಪುಳದಲ್ಲಿ ಇದು ನಡೆದದ್ದೇ.

ಅರಣ್ಯ ಇಲಾಖೆಯ ಕೆಲಸಕ್ಕೆ ಬೇಕಾದ ಎತ್ತರಕ್ಕೆ ಹರೀಶ ಒಂದು ಬೆರಳು ಕಡಿಮೆ. ವಯಸ್ಸಿನ ಮಿತಿ ಮುಗಿಯುತ್ತಿತ್ತು; ಈ ಸಲದ ಅಳತೆಯೇ ಕೊನೆಯದು. ಬತ್ತೇರಿ ಪೇಟೆಯ ಜಿಮ್ಮಿನ ರಜೀಶ್ ಅವನಿಗೆ ಚುಚ್ಚುಮದ್ದಿನ ಬಿಳಿ ಪುಡಿಯ ಪುಟ್ಟ ಸೀಸೆಗಳನ್ನು ಮಾರಿದ.

"ಪೆಪ್ಟೈಡ್. ಹಸಿವಿನ ಹಾರ್ಮೋನಿನ ವೇಷ ಹಾಕ್ಕೊಂಡು ಹೋಗಿ, ಮಿದುಳಿನ ಗ್ರಂಥಿಯಿಂದ ಬೆಳವಣಿಗೆ ಹಾರ್ಮೋನ್ ಬಿಡಿಸ್ತದೆ."

ಹರೀಶನ ಚಿಕ್ಕಪ್ಪನ ಮಗ ಭರತ್ ಸೀಸೆಯ ಚೀಟಿ ಓದಿದ. "ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತಿದೆಯಲ್ಲಣ್ಣ!" ಮರುಕ್ಷಣವೇ ರಜೀಶನ ಮಲಯಾಳಿ ಮೂಗುದನಿ ತೆಗೆದ: "ಹೆದರಬೇಡ ಮೋನೇ, ನೀನು ಮನುಷ್ಯ ಅಂತ ನಿನ್ನ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ."

ಮನೆಯಲ್ಲಿ ಟೇಪು ಹಿಡಿಯಲು ಹರೀಶನ ತಾಯಿ ಭಾಗ್ಯಲಕ್ಷ್ಮಿ ಬಿಡಲಿಲ್ಲ. "ಬೆಳೆಯೋ ಪೈರಿಗೆ ಯಾರಾದ್ರೂ ಕೋಲು ಹಿಡೀತಾರಾ? ಅಳೆದ್ರೆ ಅಲ್ಲೇ ನಿಲ್ತದೆ." ಹೊಸ ಭತ್ತದ ತೆನೆಗಳ ಕದಿರುಕಟ್ಟು ಬಾಗಿಲ ಮೇಲಿಂದ ವರ್ಷವಿಡೀ ತೂಗುತ್ತಿತ್ತು. ಹರೀಶ ಬೆಳಗಾದರೆ ತಲೆ ತಾಗುತ್ತದೋ ಎಂದು ಅದರ ಕೆಳಗೆ ನಿಲ್ಲುತ್ತಿದ್ದ. ಭರತ್ ತಮಾಷೆಗೆಂದು ದಾರವನ್ನು ಚೂರು ಸಡಿಲಿಸಿದ.

"ಅಮ್ಮಾ, ತಾಗ್ತು!"

ಅಮ್ಮ ದೀಪ ಹಚ್ಚಿದಳು. ಹರೀಶ ಚುಚ್ಚಿಕೊಂಡ, ತಿಂದ, ಮತ್ತೆ ಹಸಿದ. ಬೆರಳುಗಳು ಊದಿದವು. ಚಾಯದ ಲೋಟ ಕೈಯಿಂದ ಜಾರಿತು. ಅಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋದಾಗ ಡಾಕ್ಟರ್ ಸುನಿತ ಗದರಿದರು: "ನಿನ್ನ ಎಲುಬು ಬೆಳೆಯೋದು ಎಂದೋ ನಿಂತಿದೆ. ಈಗ ಏರ್ತಿರೋದು ಸಕ್ಕರೆ. ಕೈಯ ನರ ಒತ್ತಿಹೋಗಿದೆ. ನಿಲ್ಲಿಸು."

"ಡಾಕ್ಟ್ರಿಗೇನು ಗೊತ್ತು?" ಎಂದ ಹರೀಶ. "ಕದಿರು ತಾಗ್ತಿದೆ."

ಭರತ್ ಹೆದರಿದ. ನಿಜ ಹೇಳಲು ಬಾಯಿ ಬರಲಿಲ್ಲ. ಯಾರಿಗೂ ಕಾಣದಂತೆ ಕದಿರನ್ನು ಮತ್ತೆ ಮೇಲಕ್ಕೆ ಬಿಗಿದ. ಆಸೆ ಬಿಟ್ಟು ಸೂಜಿಯನ್ನೂ ಬಿಟ್ಟಾನು ಎಂಬ ಲೆಕ್ಕ.

ಮರುದಿನ ಹರೀಶನ ತಲೆಗೆ ಏನೂ ತಾಗಲಿಲ್ಲ. "ಕುಗ್ತಿದ್ದೀನಿ ಕಣೋ," ಎಂದವನೇ ಮದ್ದನ್ನು ಎರಡು ಪಟ್ಟು ಮಾಡಿದ.

ಅಳತೆಯ ದಿನ ಭರತನೂ ಜೊತೆಗೆ ಹೋದ; ಅದೇ ಒಂದು ಬೆರಳು ಕಡಿಮೆ ಬಂತು. ಸಹಿಗೆ ಕೊಟ್ಟ ಪೆನ್ನನ್ನು ಅವನ ಕೈ ಹಿಡಿಯಲಿಲ್ಲ.

ಮನೆಯ ಬಾಗಿಲಲ್ಲಿ ಭರತ್ ಅಳುತ್ತ ಎಲ್ಲವನ್ನೂ ಹೇಳಿದ. ಭಾಗ್ಯಲಕ್ಷ್ಮಿ ಸೆರಗಿಗೆ ಮುಖ ಒತ್ತಿ ಅತ್ತಳು. ಹರೀಶ ತಲೆಯೆತ್ತಿ ಕದಿರನ್ನು ನೋಡಿ, ಭರತನ ಕಡೆ ತಿರುಗಿದ.

"ಆ ಅಳೆದವನ ದನಿ ತೆಗೆಯೋ."

"ಬೇಡಣ್ಣ."

"ತೆಗೆಯೋ ಅಂದೆ."

ಭರತ್ ಮೂಗೊರೆಸಿಕೊಂಡು ಗಂಟಲು ದಪ್ಪ ಮಾಡಿದ: "ಒಂದು ಬೆರಳು ಕಮ್ಮಿ. ಮುಂದಿನವನು ಬಾ!"

ಎಷ್ಟು ತದ್ರೂಪವಾಗಿತ್ತೆಂದರೆ ಅಳುತ್ತಿದ್ದ ತಾಯಿಗೂ ನಗು ಉಕ್ಕಿಬಂತು, ಭರತನಿಗೂ. ಎಲ್ಲರಿಗಿಂತ ಜೋರಾಗಿ ನಕ್ಕವನು ಹರೀಶ. ಹೊಟ್ಟೆ ಹಿಡಿದುಕೊಂಡು ನಕ್ಕ. ಜೋಮು ಹಿಡಿದ ಕೈಗಳಿಗೆ ಹೊಟ್ಟೆ ತಿಳಿಯುತ್ತಿರಲಿಲ್ಲ, ಆದರೂ ನಕ್ಕ.