ಮಡ್‌ಗಾರ್ಡಿನ ಹಸಿರು

ಗುಬ್ಬಿಯ ಡಾಕ್ಟರ್ ವೆಂಕಟೇಶಯ್ಯನವರ ಪುಟ್ಟ ಆಸ್ಟಿನ್ ಕಾರನ್ನು ಓಡಿಸುತ್ತಿದ್ದವರು ನಮ್ಮ ಯಜಮಾನರು, ಕದರಯ್ಯ. ಹಸಿರು ಬಣ್ಣದ ಹಳೆಯ ಗಾಡಿ. ಅರವತ್ತೆರಡನೆಯ ಇಸವಿಯ ಆಯುಧಪೂಜೆಗೆ ಎರಡು ದಿನ ಮುಂಚೆ ಅದನ್ನು ತೊಳೆಯುವ ಕೆಲಸವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡೆ. ಹಿತ್ತಾಳೆ ಹಂಡೆ ಬೆಳಗಿ ಗೊತ್ತಿದ್ದ ಕೈ. ಮಂಕಾಗಿದ್ದ ಮಡ್‌ಗಾರ್ಡಿಗೂ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ಬಲವಾಗಿ ತಿಕ್ಕಿದೆ. ನೀರು ಹೊಯ್ದು ನೋಡಿದರೆ ಅಂಗೈಯಗಲ ಬಣ್ಣ ಹೋಗಿ ತಗಡು ಕಾಣುತ್ತಿತ್ತು.

ಹೋದ ವರ್ಷ ಗಾಡಿಯ ಬಾಗಿಲ ಮೇಲೆ ಉದ್ದಕ್ಕೆ ಗೀರು ಬಿದ್ದಿದ್ದಾಗ ಡಾಕ್ಟರ ತಾಯಿ ಅಲಮೇಲಮ್ಮನವರು, "ಇನ್ನೊಂದು ಗುರುತು ಬಿದ್ರೆ ಬೇರೆ ಕೆಲ್ಸ ನೋಡ್ಕೊ ಕದರಯ್ಯ" ಎಂದಿದ್ದರು. ಆಮೇಲೆ ವರ್ಷವೆಲ್ಲ ನಾನೂ ಇವರಿಗೆ "ನೋಡ್ಕೊಂಡು ಓಡ್ಸಿ" ಎಂದು ಹೇಳಿಯೇ ಕಳಿಸುತ್ತಿದ್ದೆ.

ಇವರು ಬಂದು ನೋಡಿದರು. ಬೈಯಲಿಲ್ಲ. "ಇನ್ನೊಸಿ ತಿಕ್ಕಿದ್ರೆ ಇಂಜಿನ್ನೇ ಕಾಣ್ತಿತ್ತು ಕಣೇ" ಎಂದರು.

ಎತ್ತಿನಗಾಡಿ ಚಕ್ರಗಳಿಗೆ ಬಣ್ಣ ಬಳಿಯುವ ಯಲ್ಲಯ್ಯನನ್ನು ಕರೆದು ತಂದೆವು. ಅವನು ಉಪ್ಪುಕಾಗದದಿಂದ ಅಂಚು ಸಮಮಾಡಿ, ಬಾಗಿಲು ತೆರೆದು ಒಳಮಗ್ಗುಲ ಹಸಿರಿಗೆ ಸರಿಯಾಗಿ ಬಣ್ಣ ಬೆರೆಸಿದ.

"ಯಲ್ಲಣ್ಣ, ಒಳಗಿನ ಬಣ್ಣ ಬಿಸಿಲು ಕಂಡಿಲ್ಲ. ಹೊರಗಿನದು ನೋಡಿ ಬೆರ್ಸು" ಎಂದೆ.

"ತಿಕ್ಕೋದೂ ನೀವೇ, ಬುದ್ಧಿ ಹೇಳೋದೂ ನೀವೇ" ಎಂದು ಗೊಣಗಿ, ಬಿಳಿ ಸೇರಿಸಿ, ಚಿಟಿಕೆ ಹಳದಿ ಸೇರಿಸಿದ. ಪ್ರತಿ ಸಲವೂ ಡಬ್ಬಿಯ ಮುಚ್ಚಳಕ್ಕೆ ಬಳಿದು, ಒಣಗಿಸಿ, ಗಾಡಿಗೆ ಹಿಡಿದು ನೋಡಿದೆವು. ಹಸಿಯಲ್ಲಿ ಒಂದು ಬಣ್ಣ, ಒಣಗಿದರೆ ಇನ್ನೊಂದು. ಮೂರನೆಯದು ಹೊಂದಿತು. ತೆಳುವಾಗಿ ಎರಡು ಸಲ ಬಳಿದ.

ನೆರಳಿನಲ್ಲಿ ಏನೂ ಕಾಣಲಿಲ್ಲ. ಪೂಜೆಯ ಬೆಳಿಗ್ಗೆ ಗಾಡಿಯನ್ನು ಬಿಸಿಲಿಗೆ ತಂದಾಗ, ಓರೆಯಿಂದ ನೋಡಿದರೆ ತೇಪೆ ಕಂಡೇ ಕಂಡಿತು.

"ಮಾರ್ಕೋನಹಳ್ಳಿ ರಸ್ತೇಲಿ ಎತ್ತು ಗುದ್ದಿದ್ವು ಅಂತೀನಿ. ನೀನು ಸುಮ್ಕಿರು" ಎಂದರು ಇವರು.

"ನಾನು ತಿಕ್ಕಿದ್ದಕ್ಕೆ ಎತ್ತಿಗ್ಯಾಕೆ ಕೆಟ್ಟ ಹೆಸ್ರು?"

ಡಾಕ್ಟರು ಒಡೆಯಲು ತೆಂಗಿನಕಾಯಿ ಹಿಡಿದು ನಿಂತಿದ್ದರು. ಅಲಮೇಲಮ್ಮನವರ ಕಣ್ಣು ನೇರವಾಗಿ ಮಡ್‌ಗಾರ್ಡಿಗೇ ಹೋಯಿತು. "ಇದೇನೋ ಇದು?"

ಇವರು ಬಾಯಿ ತೆರೆಯುವ ಮೊದಲೇ ಹುಣಸೆಹಣ್ಣಿನಿಂದ ಹಿಡಿದು ಎಲ್ಲವನ್ನೂ ನಾನು ಹೇಳಿಬಿಟ್ಟೆ.

"ಹೋದ ವರ್ಷ ಗಂಡ, ಈ ವರ್ಷ ಹೆಂಡ್ತಿ. ಸರಿ ಹೋಯ್ತು" ಎಂದರು ಅವರು.

ಡಾಕ್ಟರು ಕಾಯಿಯನ್ನು ತಟ್ಟೆಯಲ್ಲಿಟ್ಟರು. "ಅಮ್ಮ, ಹೋದ ವರ್ಷದ್ದು ನಾನು. ಭಾನುವಾರ ನಾನೇ ಓಡಿಸ್ಕೊಂಡು ಹೋಗಿ ಸಂತೆ ಹತ್ರ ಕಲ್ಲುಕಂಬಕ್ಕೆ ತಾಗಿಸ್ದೆ."

"ನಾನು ಇವನನ್ನ ಬೈತಿದ್ದಾಗ ನೀನೆಲ್ಲಿದ್ದೆ?"

"ಪಕ್ಕದಲ್ಲೇ ಇದ್ದೆ."

ಅಲಮೇಲಮ್ಮನವರು ತಾವೇ ಬಗ್ಗಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಗಾಡಿ ತೆಗಿಯಪ್ಪ ಕದರಯ್ಯ" ಎಂದರು.

ಮನೆಗೆ ಬರುವಾಗ ಕೇಳಿದೆ: "ನನ್ನ ಹತ್ರನಾದ್ರೂ ಹೇಳ್ಬಾರ್ದಿತ್ತಾ?"

"ನೀನು ಯಾವತ್ತು ಕೇಳ್ದೆ? ನೋಡ್ಕೊಂಡು ಓಡ್ಸಿ ಅಂದೆ ಅಷ್ಟೆ."

ಯಲ್ಲಯ್ಯನ ಡಬ್ಬಿಯಲ್ಲಿ ಹಸಿರು ಇನ್ನೂ ಉಳಿದಿತ್ತು. ಮುಂದಿನ ಭಾನುವಾರ ಬಾಗಿಲ ಗೀರಿಗೂ ಬಳಿಯೋಣವೆಂದು ಹೋದೆವು. ಅಷ್ಟರಲ್ಲಿ ಡಾಕ್ಟರು ಪಂಚೆ ಎತ್ತಿ ಕಟ್ಟಿ, ಉಪ್ಪುಕಾಗದ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು.

"ಮೆಲ್ಲಗೆ ತಿಕ್ಕಿ ಸ್ವಾಮಿ" ಎಂದರು ಇವರು, ನನ್ನ ಕಡೆ ನೋಡುತ್ತಾ.