ಇಟ್ಟಲ್ಲೇ ನಿಂತ ಕೊಡ

“ಛೀ, ದೂರ ನಿಲ್ಲು ಮಾರಾಯ್ತಿ! ಎಂತ ಬೆವರು ನಾತ! ನೀನು ಮೀಯುದೇ ಇಲ್ವಾ?”

ನಳಿನಾಕ್ಷಿಯಕ್ಕ ನೈಟಿಯ ಮೇಲೆ ಹೊದ್ದ ಟವೆಲಿನಿಂದ ಮೂಗು ಮುಚ್ಚಿಕೊಂಡರು. ನಾನು ಅವರ ಬಾತ್‌ರೂಮಿನ ನೀಲಿ ಡ್ರಮ್ಮಿಗೆ ಪೈಪು ಹಿಡಿದು ನಿಂತಿದ್ದೆ. ಅಣೆಕಟ್ಟಿನ ತಳ ಕಂಡ ಮೇಲೆ ಖಾರಘರ ಊರಿಗೆಲ್ಲ ದಿನ ಬಿಟ್ಟು ದಿನ ನೀರು, ಅದೂ ಬೆಳಿಗ್ಗೆ ಒಂದಿಷ್ಟು ಹೊತ್ತು. ಅಕ್ಕನವರ ಫ್ಲ್ಯಾಟಿರುವ ಈ ಟವರಿಗೂ ಅದೇ ಹೊತ್ತು, ಗುಡ್ಡದ ಬುಡದ ನಮ್ಮ ಜೋಪಡಿಗಳ ಬಸ್ತಿಗೂ ಅದೇ ಹೊತ್ತು.

“ನಮ್ಮ ಬಸ್ತಿ ನಳದಾಗ ನೀರು ಬರೂ ಹೊತ್ತಿಗೆ ನಾ ಇಲ್ಲಿ ನಿಮ್ಮ ಡ್ರಮ್ಮ ತುಂಬಸ್ತಿರ್ತೀನ್ರಿ, ಅಕ್ಕಾರ.”

“ಬಾಯಿ ಮಾತ್ರ ದೊಡ್ಡದುಂಟು. ನಾಡಿದ್ದು ಪೂಜೆ. ಹೀಗೇ ಬಂದ್ರೆ ಬೇರೆಯವಳನ್ನು ಇಡ್ತೇನೆ, ಗೊತ್ತಾಯ್ತಾ?”

ಬಸ್ತಿಯ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ನಸುಕಿಗೇ ಇಟ್ಟು ಹೋದರೆ ಮನೆಯವರು ಯಾರಾದರೂ ಮುಂದೆ ಸರಿಸುತ್ತಾರೆ. ಅಜ್ಜಿ ಹೋದ ಮೇಲೆ ನನ್ನ ಕೊಡ ಸರಿಸುವವರಿಲ್ಲ. ಅಂದೂ ಕೆಲಸ ಮುಗಿಸಿ ಓಡಿ ಬಂದಾಗ ಒಣಗಿದ ನಲ್ಲಿಯಿಂದ ದೂರದಲ್ಲಿ ಅದೊಂದೇ ಇಟ್ಟಲ್ಲೇ ನಿಂತಿತ್ತು.

“ಒಂಚೂರ ಸರಸಿದ್ರ ಏನ ಆಗ್ತಿತ್ತ, ಜಯಲತಕ್ಕಾ?” ಎಂದು ಪಕ್ಕದ ಮನೆಯವಳನ್ನು ಕೇಳಿದೆ.

“ನಾ ಏನ ನಿನ್ನ ಕೊಡದ ಆಳಾ? ಟವರಿನ್ಯಾಗ ನೀರಾಗ ಆಡಿ ಬರ್ತಾಳ, ಇಲ್ಲಿನೂ ಪಾಲ ಬೇಕಂತ ರಂಡಿಗೆ!”

ಅಜ್ಜಿಯ ಕಥೆಯೊಂದರಲ್ಲಿ ಹುಡುಗಿ ಕರೆದರೆ ಸಾಕು, ಬಾವಿಯ ನೀರು ಮೆಟ್ಟಿಲು ಹತ್ತಿ ಬರುತ್ತಿತ್ತು. ನಾನೂ ಕೊಡದೊಳಗೆ ಬಾಯಿಟ್ಟು ಮೆಲ್ಲಗೆ ಕರೆದೆ. ನನ್ನದೇ ದನಿ ತಿರುಗಿ ಬಂತು.

ಪೂಜೆಯ ದಿನ ಡ್ರಮ್ಮು ಕಂಠದವರೆಗೆ ತುಂಬಿತು. ನಳಿನಾಕ್ಷಿಯಕ್ಕ ಬಾಗಿಲಾಚೆಯಿಂದಲೇ ಹೇಳಿದರು: “ಇವತ್ತೂ ಅದೇ ನಾತ. ಪೈಪು ಸುತ್ತಿಟ್ಟು ಹೊರಡು. ನಾಳೆಯಿಂದ ಬರ್ಬೇಡ.”

ಪೈಪು ಸುತ್ತಿಟ್ಟೆ. ಒಳಗಿನಿಂದ ಚಿಲಕ ಹಾಕಿದೆ. ಬಟ್ಟೆ ಕಳಚಿ ಗೂಟಕ್ಕೆ ಸಿಕ್ಕಿಸಿದೆ. ಮೊದಲ ಮಗ್ಗು ನೆತ್ತಿಯ ಮೇಲೆ ಬಿದ್ದಾಗ ಉಸಿರೇ ನಿಂತಂತಾಯಿತು.

“ಏ! ಎಂತ ಮಾಡ್ತಾ ಇದ್ದೀ ಒಳಗೆ? ಪೂಜೆಗೆ ಇಟ್ಟ ನೀರು ಅದು!”

ಬಾಗಿಲು ದಡದಡ ಅದುರಿತು. ಅವರ ಗಂಡ ದೇವದಾಸಣ್ಣನ ದನಿಯೂ ಸೇರಿತು: “ಬಾಗಿಲು ತೆಗೀ! ವಾಚ್‌ಮನ್‌ನ ಕರೀತೇನೆ ನೋಡು!”

“ಕರೀರಿ. ಇನ್ನೂ ಬೆನ್ನ ತಿಕ್ಕೂದು ಉಳದೈತಿ.”

ಅವರ ಸೋಪು ತೆಗೆದುಕೊಂಡೆ. ಬೆನ್ನ ನಡುವಿಗೆ ಕೈ ಎಟುಕಲಿಲ್ಲ. ತಣ್ಣನೆಯ ಗೋಡೆಗೆ ಬೆನ್ನೊತ್ತಿ ಉಜ್ಜಿಕೊಂಡೆ. ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು.

ಇನ್ನೊಂದು ಮಗ್ಗು ಮುಳುಗಿಸಿದೆ.