ಹಳೇ ಪಿಕಪ್ಪು

ಸಂಘಮಿತ್ರಾಳ ಗಿಟಾರು ಗುಂಯ್‌ಗುಡುತ್ತಿತ್ತು. ಆಳಂದದ ಭೀಮಗೀತೆಗಳ ತಂಡದಲ್ಲಿ ಆರು ವರ್ಷದಿಂದ ಅವಳದೇ ಎಲೆಕ್ಟ್ರಿಕ್ ಗಿಟಾರು. ಜನರೇಟರ್ ಪಕ್ಕದ ವೇದಿಕೆಗಳಲ್ಲಿ ಹಾಡು ನಿಂತರೂ ಆ ಸದ್ದು ನಿಲ್ಲುತ್ತಿರಲಿಲ್ಲ. ಭೂಸನೂರಿನಲ್ಲಂತೂ ಮುಂದೆ ಕೂತ ಮುದುಕಿಯೊಬ್ಬಳು, "ಒಳಗ ಜೇನು ಹೊಕ್ಕಾವೇನವ್ವ?" ಎಂದು ಕೇಳಿಯೇಬಿಟ್ಟಳು.

ತಂಡದ ಮುಖ್ಯಸ್ಥ, ಕೀಬೋರ್ಡ್ ನುಡಿಸುವ ಜಗದೇವ ಅಂದೇ ಹೇಳಿದ: "ಪಿಕಪ್ ಬದಲಿಸು ಬೇ. ನಿಂದು ಪ್ಯಾಸಿವ್, ಬರೀ ಅಯಸ್ಕಾಂತ, ತಾಮ್ರದ ತಂತಿ. ಬ್ಯಾಟರಿ ಇರೋ ಆಕ್ಟಿವ್ ಹಾಕಿಸಿದ್ರ ಗುಂಯ್ ಅನ್ನೂದೇ ಇರಾಂಗಿಲ್ಲ. ಜೇವರ್ಗಿ ನಯೀಮನ ಅಂಗಡಿಗಿ ಹೋಗು, ನಾ ಫೋನ್ ಮಾಡ್ತೇನಿ."

ಕೇಳಿದರೂ ಒಂದು ವೈರು ಕೊಡದವನು ಜಗದೇವ. ಅವನಿಗೆ ಅವಳ ಗಿಟಾರಿನ ಮೇಲೆ ಇಷ್ಟು ಕಾಳಜಿ ಯಾಕೆ? ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ.

ನಯೀಮ ಗಿಟಾರು ಬಿಚ್ಚಿ, ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಸ್ಪೀಕರಿಗೆ ಕಳಿಸುವ ಬೆರಳುದ್ದದ ಪಿಕಪ್ಪನ್ನು ಬಹಳ ಹೊತ್ತು ನೋಡಿದ.

"ಇದು ಎಲ್ಲಿಂದ ತಂದ್ರಿ?"

"ನಮ್ಮ ಕಾಕಾ ದೇವೀಂದ್ರಪ್ಪ ಸೋಲಾಪುರದಾಗ ತಗೊಂಡಿದ್ದ. ಯಾಕ್ರಿ?"

"ಹಿಂಗೇ ಕೇಳ್ದೆ," ಎಂದವನು ಗಿಟಾರು ಎತ್ತಿಕೊಂಡು ಒಳಕೋಣೆಗೆ ಹೊರಟ.

ಸಂಘಮಿತ್ರಾ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಕಣ್ಣೆದುರಿಗೇ ಮಾಡ್ರಿ."

"ಅನುಮಾನ ಏನ್ರಿ?"

"ಹೌದ್ರಿ."

ನಯೀಮ ಅವಳ ಗಿಟಾರನ್ನು ಮೇಜಿನ ಮೇಲಿಟ್ಟು, ಆಕ್ಟಿವ್ ಪಿಕಪ್ಪಿನ ಬೇರೊಂದು ಗಿಟಾರನ್ನು ಅವಳ ಕೈಗೆ ಕೊಟ್ಟ. ನುಡಿಸಿದಳು. ಗುಂಯ್ ಇಲ್ಲವೇ ಇಲ್ಲ. ತೊಳೆದಿಟ್ಟ ಹಾಗೆ ಸ್ವರ. ಆದರೆ ಮೆಲ್ಲಗೆ ಮುಟ್ಟಿದರೂ ಜೋರಾಗಿ ಮೀಟಿದರೂ ಸದ್ದು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು.

"ಬ್ಯಾಟರಿ ನಡುವ ಮುಗದ್ರ?"

"ದನಿ ಹೋಗ್ತದ. ಖರೇ ಹೇಳ್ಲಿ? ನಿಮ್ಮ ಗಿಟಾರಿನಾಗ ಅರ್ಧ ಗುಂಯ್ ಪಿಕಪ್ಪಿಂದಲ್ಲ, ಅರ್ಥ್ ವೈರು ಬಿಟ್ಟದ. ಅದನ್ನ ಬೆಸದು, ಒಳಗ ತಾಮ್ರದ ಹಾಳಿ ಅಂಟಿಸಿದ್ರ ಭಾಳ ಕಮ್ಮಿ ಆಗ್ತದ."

ಮಾರುವ ಸಾಮಾನು ಬೇಡ ಅನ್ನುವ ಅಂಗಡಿಯವ! ಅವಳ ಅನುಮಾನ ಇನ್ನೂ ಹೆಚ್ಚಿತು. "ಇದರಾಗ ನಿಮಗೇನು ಲಾಭ?"

ನಯೀಮ ತಲೆ ತಗ್ಗಿಸಿದ. "ಜಗದೇವ ಫೋನ್ ಮಾಡಿದ್ದ. ಹಳೇದು ಕೆಟ್ಟದ ಅಂತ ಅಕಿಗಿ ಹೇಳು, ನನ್ನ ಸಲುವಾಗಿ ತೆಗೆದಿಡು ಅಂದ. ಅವನೂ ಗಿಟಾರು ಕಲಿಯಾಕತ್ತಾನ. ಇಂಥಾ ಪಿಕಪ್ ಈಗ ಸಿಗಾಂಗಿಲ್ರಿ. ನಾ ಹೂಂ ಅಂದಿದ್ದೆ. ಈಗ ಮನಸ್ಸು ಬರವಲ್ದು."

ಅವಳು ಅದನ್ನೂ ನಂಬಲಿಲ್ಲ. "ಈಗ ಮಾಡ್ರಿ ಫೋನ್, ನನ್ನ ಮುಂದ."

ಸ್ಪೀಕರಿನಲ್ಲಿ ಜಗದೇವನ ದನಿ ಬಂತು: "ತೆಗೆದಿಟ್ಟಿಯೇನು? ಅಕಿಗಿ ಗೊತ್ತಾಗಿಲ್ಲಲ್ಲ?"

ನಯೀಮ ಫೋನ್ ಕಟ್ ಮಾಡಿದ. ಸಂಘಮಿತ್ರಾಳ ಮುಖ ಬಿಸಿಯಾಗಿತ್ತು. ಆರು ವರ್ಷ ಒಂದೇ ವೇದಿಕೆ, ಒಂದೇ ಜೀಪು. ಅರ್ಥ್ ವೈರು ಬೆಸೆದ ಮೇಲೆ ಅವಳು ಎರಡೂ ಗಿಟಾರುಗಳನ್ನು ಮತ್ತೊಮ್ಮೆ ನುಡಿಸಿದಳು. ಜಗದೇವನ ಮೇಲಿನ ಸಿಟ್ಟಿಗೆ ಆಕ್ಟಿವ್ ಬೇಡ ಅನ್ನಬಾರದಲ್ಲ. ಕಿವಿ ಹಳೆಯದನ್ನೇ ಆರಿಸಿತು. ಹಾಳೆ ಅಂಟಿಸಿ ಮುಚ್ಚುವ ತನಕ ಅವಳು ಕುರ್ಚಿ ಬಿಟ್ಟೇಳಲಿಲ್ಲ.

ಮುಂದಿನ ವಾರ ಅಫಜಲಪುರದಲ್ಲಿ ಕಾರ್ಯಕ್ರಮ. ಗುಂಯ್ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುವಷ್ಟಿತ್ತು. ಎರಡು ಹಾಡಾದ ಮೇಲೆ ಜಗದೇವ ಬಾಗಿ ಹೇಳಿದ: "ನೋಡು, ಆಕ್ಟಿವ್ ಅಂದ್ರ ಆಕ್ಟಿವ್! ನಯೀಮ ಫೋನೇ ಎತ್ತವಲ್ಲ. ಹಳೇದು ಅವನ ಹತ್ರಾನೇ ಅದೇನು?"

"ಇದರಾಗೇ ಅದ," ಎಂದಳು ಸಂಘಮಿತ್ರಾ. "ಅವತ್ತು ನೀ ಫೋನಿನಾಗ ಮಾತಾಡಿದ್ದು ನಾನೂ ಕೇಳೇನಿ."

ಅಷ್ಟರಲ್ಲಿ ನಿರೂಪಕ ಮುಂದಿನ ಹಾಡು ಕೂಗಿದ. ಜಗದೇವ ತಪ್ಪು ಶ್ರುತಿಯಲ್ಲಿ ಶುರುಮಾಡಿದ. ಅವನು ಸರಿಯಾದದ್ದು ಹುಡುಕಿಕೊಳ್ಳುವವರೆಗೆ ಅವಳು ತಂತಿಗಳ ಮೇಲೆ ಅಂಗೈ ಇಟ್ಟು ಕಾದಳು.